ಬಿಳಿ ಬೆನ್ನಿನ ರಾಟವಾಳವೋ, ಕರಿ ಗಂಟಲಿನದೋ? ಗುರುತಿಸುವ ಬಗೆ

ಭತ್ತದ ಕೊಯ್ಲು ಹತ್ತಿರ ಬಂದ ಹೊತ್ತಿನಲ್ಲಿ ಕೊಡಗಿನ ಯಾವುದಾದರೂ ಗದ್ದೆ ಬಯಲಿಗೆ ಹೋದರೆ, ಬದುವಿನ ಹುಲ್ಲಿನಿಂದ ಪುಟ್ಟ ಹಕ್ಕಿಗಳ ಹಿಂಡೊಂದು ಬುರ್ರನೆ ಎದ್ದು ಬೇಲಿ ಮೇಲೆ ಕೂರುತ್ತದೆ. ಗುಬ್ಬಿಗಿಂತ ಚಿಕ್ಕವು. ಕಪ್ಪು ಮುಖ, ದಪ್ಪ ಕೊಕ್ಕು, ಚೂಪು ಬಾಲ. ರಾಟವಾಳ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಆದರೆ ಯಾವ ರಾಟವಾಳ? ಈ ಪ್ರಶ್ನೆ ಬಂದ ಕಡೆ ಹೊಸಬರು ಮಾತ್ರವಲ್ಲ, ಕೆಲವು ವರ್ಷ ಹಕ್ಕಿ ನೋಡಿದವರೂ ಅನುಮಾನದಲ್ಲಿ ನಿಲ್ಲುತ್ತಾರೆ. ಯಾಕೆಂದರೆ ಅಲ್ಲಿ ಎರಡು ಬಗೆಯ ರಾಟವಾಳಗಳಿವೆ, ಮತ್ತು ಅವು ಬಹಳ ಹತ್ತಿರದ ನೆಂಟರು.

ಒಂದು ಬಿಳಿ ಬೆನ್ನಿನ ರಾಟವಾಳ. ಆ್ಯಪ್‌ಗಳಲ್ಲಿ ವೈಟ್-ರಂಪ್ಡ್ ಮುನಿಯ ಅಂತ ಸಿಗುತ್ತದೆ. ವೈಜ್ಞಾನಿಕ ಹೆಸರು ಲಾಂಕುರಾ ಸ್ಟ್ರಿಯಾಟಾ. ಇನ್ನೊಂದು ಕರಿ ಗಂಟಲಿನ ರಾಟವಾಳ, ಬ್ಲ್ಯಾಕ್-ಥ್ರೋಟೆಡ್ ಮುನಿಯ, ಲಾಂಕುರಾ ಕೆಲಾರ್ಟಿ. ಮೊದಲನೆಯದನ್ನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1766ರಲ್ಲೇ ಹೆಸರಿಸಿದ್ದ. ಎರಡನೆಯದನ್ನು ಸುಮಾರು ನೂರು ವರ್ಷದ ನಂತರ, 1863ರಲ್ಲಿ, ಪಕ್ಷಿ ತಜ್ಞ ಟಿ.ಸಿ. ಜೆರ್ಡನ್ ಬೇರೆ ಪ್ರಭೇದ ಅಂತ ವರ್ಣಿಸಿದರು. ಮೊದಲನೆಯದು ಭಾರತದಿಂದ ಆಗ್ನೇಯ ಏಷ್ಯಾ, ಚೀನಾದವರೆಗೂ ಹರಡಿಕೊಂಡಿದೆ. ಎರಡನೆಯದು ಇಡೀ ಪ್ರಪಂಚದಲ್ಲಿ ಇರುವುದು ದಕ್ಷಿಣ ಭಾರತದ ಪಶ್ಚಿಮಘಟ್ಟ, ಆಂಧ್ರ ಮತ್ತು ಒಡಿಶಾಗಳ ಪೂರ್ವಘಟ್ಟ, ಆಮೇಲೆ ಶ್ರೀಲಂಕಾ, ಇಷ್ಟರಲ್ಲೇ. ಇಷ್ಟು ಚಿಕ್ಕ ಜಾಗದ ಹಕ್ಕಿ ನಮ್ಮ ತೋಟದ ಬೇಲಿಯಲ್ಲಿ ಕೂತಿರುವಾಗ ಅದನ್ನು ಸರಿಯಾಗಿ ಗುರುತಿಸುವುದು ನಮ್ಮ ಕೆಲಸ ಅಂತ ನಾನು ನಂಬಿದ್ದೇನೆ. ಅದಕ್ಕೇ ಇಷ್ಟು ವಿವರ.

ಹೊರಡುವ ಮೊದಲು

ಹೆಸರುಗಳನ್ನು ನಂಬಿ ಹೋಗಬೇಡಿ. ಎರಡಕ್ಕೂ ಗಂಟಲು ಕಪ್ಪೇ. "ಕಪ್ಪು ಗಂಟಲು ಕಂಡಿತು, ಹಾಗಾಗಿ ಕರಿ ಗಂಟಲಿನದು" ಅಂತ ಬರೆದ ದಾಖಲೆಗಳಲ್ಲಿ ಎಷ್ಟೋ ಬಿಳಿ ಬೆನ್ನಿನವು ಸೇರಿಕೊಳ್ಳುತ್ತವೆ. ಹಾಗೆಯೇ ಬಿಳಿ ಬೆನ್ನಿನದರ ಬಿಳಿ ಕೂಡ ಕೂತ ಹಕ್ಕಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಅದು ಇರುವುದು ಬೆನ್ನಿನ ಕೆಳತುದಿಯಲ್ಲಿ, ಬಾಲ ಶುರುವಾಗುವ ಜಾಗಕ್ಕೆ ಸ್ವಲ್ಪ ಮೇಲೆ. ರೆಕ್ಕೆ ಮಡಚಿದಾಗ ಅದರ ಹೆಚ್ಚಿನ ಭಾಗ ಮುಚ್ಚಿಹೋಗುತ್ತದೆ.

ಸಾಮಾನ್ಯ 8x42 ಬೈನಾಕ್ಯುಲರ್ ಸಾಕು. ಕ್ಯಾಮೆರಾ ಇದ್ದರೆ ಒಳ್ಳೆಯದು, ಅದರ ಉಪಯೋಗ ಮುಂದೆ ಹೇಳುತ್ತೇನೆ. ಬೆಳಿಗ್ಗೆ ಬಿಸಿಲು ಸ್ವಲ್ಪ ಏರಿದ ಮೇಲೆ ಹೋಗಿ. ಮಂಜು ಕವಿದ ಹೊತ್ತಿನಲ್ಲಿ ಎಲ್ಲ ರಾಟವಾಳಗಳೂ ಒಂದೇ ಕಪ್ಪು ಗುಂಡುಗಳ ಹಾಗೆ ಕಾಣುತ್ತವೆ.

ಇವು ಮುಖ್ಯವಾಗಿ ಕಾಳು ತಿನ್ನುವ ಹಕ್ಕಿಗಳು. ಹಾಗಾಗಿ ಹುಲ್ಲು ತೆನೆ ಬಿಟ್ಟ ಕಡೆ ಹುಡುಕಿ. ಗದ್ದೆ ಬದು, ಹಡ್ಲು ಬಿದ್ದ ಗದ್ದೆ, ಕೊಡಗಿನ ಬಾಣೆ (ಗದ್ದೆಗೆ ಸೇರಿದ ಹುಲ್ಲು, ಮರಗಳ ಜಾಗ), ಕಾಫಿ ತೋಟದ ಅಂಚು, ರಸ್ತೆ ಬದಿಯ ಉದ್ದ ಹುಲ್ಲು. ಬಿದಿರು ಹೂ ಬಿಟ್ಟು ಕಾಳು ಉದುರುವ ವರ್ಷದಲ್ಲಿ ಬಿದಿರಿನ ಮೆಳೆ ಕೆಳಗೂ ಗುಂಪು ಸೇರುತ್ತವೆ. ನೀರಿನ ಅಂಚನ್ನು ಮರೆಯಬೇಡಿ. ಬಿಳಿ ಬೆನ್ನಿನ ರಾಟವಾಳ ಸ್ಪೈರೋಗೈರಾ ಅನ್ನುವ ಹಸಿರು ಪಾಚಿಯನ್ನೂ ತಿನ್ನುತ್ತದೆ. ಮಲೇಷ್ಯಾದ ಭತ್ತದ ಗದ್ದೆಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಕೆರೆ ಅಂಚಿನಲ್ಲಿ ಪಾಚಿ ತಿನ್ನುತ್ತಾ ಕೂತ ಹಕ್ಕಿ ಹುಲ್ಲಿನೊಳಗಿನದರಷ್ಟು ಮರೆಯಾಗುವುದಿಲ್ಲ, ನಿಧಾನವಾಗಿ ನೋಡಬಹುದು.

ಮೊದಲು ಬೇರೆ ರಾಟವಾಳಗಳನ್ನು ಬದಿಗಿಡಿ

ಈ ಎರಡರ ನಡುವಿನ ವ್ಯತ್ಯಾಸಕ್ಕೆ ಬರುವ ಮೊದಲು, ನಿಮ್ಮ ಮುಂದಿರುವುದು ಈ ಎರಡರಲ್ಲಿ ಒಂದು ಹೌದೋ ಅಲ್ಲವೋ ಅನ್ನುವುದು ತೀರ್ಮಾನವಾಗಬೇಕು.

ಚುಕ್ಕೆ ರಾಟವಾಳ ಬೆಳೆದದ್ದಾದರೆ ತೊಂದರೆ ಇಲ್ಲ. ಎದೆ, ಹೊಟ್ಟೆ ತುಂಬ ಮೀನಿನ ಹುರುಪೆಯಂಥ ಗುರುತು ಇರುತ್ತದೆ. ಮೂರು ಬಣ್ಣದ ರಾಟವಾಳಕ್ಕೆ ಕಪ್ಪು ತಲೆ, ಕೆಂಗಂದು ಬೆನ್ನು, ಪಕ್ಕೆಯಲ್ಲಿ ಬಿಳಿ. ಅದೂ ಸುಲಭ. ಕಷ್ಟ ಇರುವುದು ಇವುಗಳ ಮರಿಗಳಲ್ಲಿ. ಎರಡರ ಮರಿಗಳೂ ಮೇಲೆ ತಿಳಿ ಕಂದು, ಕೆಳಗೆ ಮಾಸಲು ಬಣ್ಣ. ಆದರೆ ಅವುಗಳ ಮುಖ, ಗಂಟಲಲ್ಲಿ ಕಪ್ಪು ಇರುವುದಿಲ್ಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಬಯಲುಸೀಮೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಇಂಡಿಯನ್ ಸಿಲ್ವರ್‌ಬಿಲ್ ಅನ್ನುವ, ಬಿಳಿ ಗಂಟಲಿನ ಇನ್ನೊಂದು ಮುನಿಯ. ಅದಕ್ಕೂ ಬೆನ್ನಿನ ತುದಿ ಬಿಳಿ! ಒಣ ಹೊಲ, ಜಾಲಿ ಗಿಡ, ಕುರುಚಲು ಕಾಡಿನಲ್ಲಿ ಇದು ಸಾಮಾನ್ಯ. ಹಾರುವಾಗ ಬಿಳಿ ಪಟ್ಟಿ ಕಂಡಿತು ಅಂತ ಬಿಳಿ ಬೆನ್ನಿನ ರಾಟವಾಳ ಎಂದು ಬರೆದುಬಿಡುವುದು ಬಹಳ ಸಲ ಆಗುತ್ತದೆ. ಆದರೆ ಸಿಲ್ವರ್‌ಬಿಲ್ ಇಡೀ ಹಕ್ಕಿಯೇ ಮಣ್ಣಿನ ತಿಳಿ ಬಣ್ಣದ್ದು. ಮುಖ ಮಾಸಲು, ಗಂಟಲು ಬೆಳ್ಳಗೆ, ಕೊಕ್ಕು ಬೆಳ್ಳಿ ಬೂದು. ಮುಖ ಮತ್ತು ಗಂಟಲು ಗಾಢ ಕಂದು ಅಥವಾ ಕಪ್ಪು ಇದ್ದರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಿ.

ಹೊಟ್ಟೆ ನೋಡಿ

ನನ್ನ ಮಟ್ಟಿಗೆ ಈ ಗುರುತಿಸುವಿಕೆಯ ಮುಕ್ಕಾಲು ಪಾಲು ಇದೇ. ಬೆನ್ನು ಆಮೇಲೆ, ಮೊದಲು ಹೊಟ್ಟೆ.

ಬಿಳಿ ಬೆನ್ನಿನದು ಎದುರಿಗೆ ಕೂತಾಗ ಎರಡು ಭಾಗವಾಗಿ ಕಾಣುತ್ತದೆ. ಮುಖದಿಂದ ಎದೆಯ ಮೇಲ್ಭಾಗದವರೆಗೆ ಕಪ್ಪುಗಂದು. ಅಲ್ಲಿಂದ ಕೆಳಗೆ ಬಿಳಿ. ನಮ್ಮ ದಕ್ಷಿಣ ಭಾರತದ ಉಪಪ್ರಭೇದದಲ್ಲಿ ಈ ಬಿಳಿ ತುಂಬಾ ಸ್ವಚ್ಛ. ಗೆರೆ, ಚುಕ್ಕೆ ಏನೂ ಇಲ್ಲ. ಕಪ್ಪು ಮುಗಿದು ಬಿಳಿ ಶುರುವಾಗುವ ಗಡಿಯೂ ಸ್ಪಷ್ಟ. ಬೈನಾಕ್ಯುಲರ್ ಇಲ್ಲದೆಯೂ ದೂರದಿಂದ "ಕಪ್ಪು ಬಿಳುಪು ಹಕ್ಕಿ" ಅನ್ನಿಸುತ್ತದೆ.

ಕರಿ ಗಂಟಲಿನದರ ಹೊಟ್ಟೆ ಬೇರೆಯೇ ಬಣ್ಣ. ಮುಖ, ಗಂಟಲು ಕಪ್ಪು, ಅದರ ಕೆಳಗೆ ನಸುಗೆಂಪು ಬೆರೆತ ಕಂದು. ದಾಲ್ಚಿನ್ನಿ ಚಕ್ಕೆಯ ಒಳಭಾಗ ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಆ ಬಣ್ಣ. ನಮ್ಮ ಘಟ್ಟದ ಹಕ್ಕಿಯಲ್ಲಿ ಅದರ ಮೇಲೆ ಚುಕ್ಕೆ ಇಲ್ಲ. ಬಿಳಿ ಅನ್ನುವಂಥದ್ದು ಎಲ್ಲೂ ಇಲ್ಲ. ಹಾಗಾಗಿ ಇಡೀ ಹಕ್ಕಿ ಗಾಢವಾಗಿ ಕಾಣುತ್ತದೆ, ಹುಲ್ಲಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಬೆಳಕಿನ ಬಗ್ಗೆ ಎಚ್ಚರ ಬೇಕು. ಸಂಜೆಯ ಹಳದಿ ಬಿಸಿಲು ಬಿಳಿ ಹೊಟ್ಟೆಯನ್ನೂ ಕೆಂಪಾಗಿಸುತ್ತದೆ. ಕೆಂಪು ಮಣ್ಣಿನ ರಸ್ತೆಯಲ್ಲಿ ಕಾಳು ಹೆಕ್ಕುವ ಹಕ್ಕಿಗೆ ಕೆಳಗಿನಿಂದ ಮಣ್ಣಿನ ಬಣ್ಣ ಬಡಿಯುತ್ತದೆ. ಮಳೆಯಲ್ಲಿ ನೆನೆದ ಹುಲ್ಲಿನೊಳಗೆ ಓಡಾಡಿದ ಹಕ್ಕಿಯ ಹೊಟ್ಟೆ ಕೊಳೆಯಾಗಿಯೂ ಇರಬಹುದು. ಇಂಥ ಕಡೆ ಒಂದು ಕೆಲಸ ಮಾಡಿ: ಅದೇ ಬೆಳಕಿನಲ್ಲಿರುವ ನಿಜವಾದ ಬಿಳಿ ವಸ್ತು ಯಾವುದಾದರೂ ಹತ್ತಿರ ಇದೆಯೇ ನೋಡಿ. ಬೆಳ್ಳಕ್ಕಿ, ಸುಣ್ಣ ಬಳಿದ ಬೇಲಿ ಕಲ್ಲು, ಮೈಲಿಗಲ್ಲು, ಏನಾದರೂ. ಅದೂ ಹಳದಿಯಾಗಿ ಕಂಡರೆ ನಿಮ್ಮ ಹಕ್ಕಿಯ ಹೊಟ್ಟೆಯ ಬಣ್ಣವನ್ನು ಸದ್ಯಕ್ಕೆ ನಂಬಬೇಡಿ. ಹಕ್ಕಿ ನೆರಳಿಗೆ ಹೋಗುವವರೆಗೆ ಕಾಯಿರಿ. ನೆರಳಿನಲ್ಲಿ ಬಿಳಿ ಬಿಳಿಯಾಗಿಯೇ ಕಾಣುತ್ತದೆ, ದಾಲ್ಚಿನ್ನಿ ಬಣ್ಣ ಇನ್ನೂ ಗಾಢವಾಗುತ್ತದೆ.

ಫೋಟೋ ತೆಗೆದವರು ಮನೆಗೆ ಬಂದು ಬಣ್ಣ ತಿದ್ದುವಾಗ ಜೋಪಾನ. ಫೋನಿನ ಆ್ಯಪ್‌ನಲ್ಲಿ "ವಾರ್ಮ್" ಅಂತ ಒಂದು ಸಲ ಒತ್ತಿದರೆ ಹೊಟ್ಟೆಯ ಬಣ್ಣವೇ ಬದಲಾಗುತ್ತದೆ. ಯಾರಿಗಾದರೂ ತೋರಿಸಿ ಕೇಳುವುದಾದರೆ ತಿದ್ದದ ಫೋಟೋವನ್ನೇ ಕಳಿಸಿ.

ಈಗ ಬೆನ್ನಿನ ತುದಿ

ಹೊಟ್ಟೆ ನೋಡಿ ಆದ ಮೇಲೆ ಇದನ್ನು ಖಾತ್ರಿಗೆ ಬಳಸಿ. ಹಕ್ಕಿ ಹಾರಿ ಹೋಗುವಾಗ ಹಿಂದಿನಿಂದ ನೋಡಬೇಕು. ಬಿಳಿ ಬೆನ್ನಿನದರಲ್ಲಿ ಗಾಢ ಬೆನ್ನು ಮತ್ತು ಕಪ್ಪು ಬಾಲದ ನಡುವೆ ಬಿಳಿ ಪಟ್ಟಿ ಫಳ್ ಅಂತ ಹೊಳೆಯುತ್ತದೆ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಕರಿ ಗಂಟಲಿನದರಲ್ಲಿ ಆ ಜಾಗ ಹೊಟ್ಟೆಯ ಹಾಗೇ ನಸುಗೆಂಪು ಕಂದು. ಹಾರುವಾಗ ಏನೂ ಹೊಳೆಯುವುದಿಲ್ಲ.

ಹಿಂಡನ್ನು ಬೇಕೆಂದೇ ಎಬ್ಬಿಸಬೇಡಿ. ಅದರ ಅಗತ್ಯವೂ ಇಲ್ಲ. ರಾಟವಾಳಗಳು ಒಂದು ಕಡೆ ಜಾಸ್ತಿ ಹೊತ್ತು ಕೂರುವುದಿಲ್ಲ. ಹುಲ್ಲಿನಿಂದ ಬೇಲಿಗೆ, ಬೇಲಿಯಿಂದ ಮರಕ್ಕೆ ತಾವೇ ಹಾರುತ್ತಿರುತ್ತವೆ. ನೀವು ಸುಮ್ನೆ ನಿಂತಿದ್ದರೆ ಸಾಕು. ಕ್ಯಾಮೆರಾ ಇದ್ದವರು ಹಕ್ಕಿ ಏಳುವ ಹೊತ್ತಿಗೆ ಸತತವಾಗಿ ಕ್ಲಿಕ್ಕಿಸುತ್ತಾ ಹೋಗಿ. ಹತ್ತರಲ್ಲಿ ಒಂಬತ್ತು ಮಸುಕಾದರೂ ಪರವಾಗಿಲ್ಲ. ಬಾಲದ ಬುಡದ ಮೇಲೆ ಬಿಳಿ ಇದೆಯೋ ಇಲ್ಲವೋ ಅನ್ನುವುದು ಮಸುಕು ಫೋಟೋದಲ್ಲೂ ತಿಳಿಯುತ್ತದೆ. ಕೂತ ಹಕ್ಕಿಯಲ್ಲಿ ನೋಡಬೇಕಾದರೆ ಅದು ಗರಿ ತಿದ್ದಿಕೊಳ್ಳುವ ಹೊತ್ತು ಕಾಯಬೇಕು. ಆಗ ರೆಕ್ಕೆ ಇಳಿಬಿಟ್ಟು ಬೆನ್ನಿನ ತುದಿಯನ್ನು ಕೊಕ್ಕಿನಿಂದ ಸವರಿಕೊಳ್ಳುತ್ತದೆ.

ಸಮಯ ಹಾಳು ಮಾಡುವ ಗುರುತುಗಳು

ಬೆನ್ನಿನ ಮೇಲಿನ ತೆಳು ಗೆರೆಗಳನ್ನು ಹುಡುಕುತ್ತಾ ಕೂರಬೇಡಿ. ಎರಡಕ್ಕೂ ಇವೆ. ಚೂಪು ಕಪ್ಪು ಬಾಲ ಎರಡಕ್ಕೂ ಇದೆ. ಗಾತ್ರದಲ್ಲಿ ಬಿಳಿ ಬೆನ್ನಿನದು ಸುಮಾರು 10ರಿಂದ 11 ಸೆಂಟಿಮೀಟರ್, ಕರಿ ಗಂಟಲಿನದು 12. ಇಷ್ಟು ಸಣ್ಣ ವ್ಯತ್ಯಾಸ ಬೇಲಿ ಮೇಲಿನ ಹಕ್ಕಿಯಲ್ಲಿ ಯಾರ ಕಣ್ಣಿಗೂ ಸಿಗುವುದಿಲ್ಲ. ಗಂಡು ಹೆಣ್ಣಿನ ರೂಪವೂ ಎರಡರಲ್ಲೂ ಒಂದೇ, ಹಾಗಾಗಿ "ಇದು ಹೆಣ್ಣಿರಬೇಕು, ಅದಕ್ಕೇ ಬಣ್ಣ ಬೇರೆ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಕೂಗು ಎರಡರದ್ದೂ ಸಣ್ಣ ಚಿಲಿಪಿಲಿ. ಆ್ಯಪ್ ಧ್ವನಿ ಕೇಳಿ ಒಂದು ಹೆಸರು ಹೇಳಿದರೆ ಅದನ್ನು ಸುಳಿವು ಅಂತ ಇಟ್ಟುಕೊಳ್ಳಿ, ತೀರ್ಪು ಅಂತ ತೆಗೆದುಕೊಳ್ಳಬೇಡಿ.

ಮರಿಗಳು ಬಂದಾಗ

ನಿಜವಾದ ಕಷ್ಟ ಇಲ್ಲಿದೆ. ಬಿಳಿ ಬೆನ್ನಿನದರ ಎಳೆಯ ಹಕ್ಕಿಗೆ ಹೊಟ್ಟೆ ಸ್ವಚ್ಛ ಬಿಳಿ ಇರುವುದಿಲ್ಲ. ಮಾಸಲು, ಸ್ವಲ್ಪ ಹಳದಿ ಕಂದು. ಬೆನ್ನಿನ ತುದಿಯೂ ಹಾಗೇ ಮಾಸಲು. ಅಂದರೆ ಈವರೆಗೆ ಹೇಳಿದ ಎರಡೂ ಗುರುತುಗಳು ಒಟ್ಟಿಗೇ ಕೈಕೊಡುತ್ತವೆ. ಬರೀ ಮರಿಯನ್ನು ನೋಡಿದವರು ಕರಿ ಗಂಟಲಿನದು ಎಂದುಕೊಳ್ಳುವುದು ಸಹಜ.

ಕರಿ ಗಂಟಲಿನದರ ಮರಿಗೆ ಬೆನ್ನು ಒಂದೇ ಸಮನೆ ಗಾಢ. ಗಂಟಲಲ್ಲಿ ಕಪ್ಪು ಕಲೆ ಕಲೆಯಾಗಿರುತ್ತದೆ. ಹೊಟ್ಟೆಯ ಮಾಸಲು ಬಣ್ಣ ಬಿಳಿ ಬೆನ್ನಿನದರ ಮರಿಗಿಂತ ಒಂದು ಪಾಲು ಜಾಸ್ತಿ ಗಾಢ. ಓದಲು ಸುಲಭ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಯಾರಿಗೂ ಸಿಗುವುದಿಲ್ಲ ಅಲ್ವಾ? ಒಂಟಿ ಮರಿಯಲ್ಲಿ "ಸ್ವಲ್ಪ ಗಾಢ" ಅನ್ನುವುದನ್ನು ಯಾವುದಕ್ಕೆ ಹೋಲಿಸುವುದು?

ಹಾಗಾಗಿ ಮರಿಯನ್ನು ಬಿಡಿ, ಅದರ ಜೊತೆಗಿರುವವರನ್ನು ನೋಡಿ. ಗೂಡು ಬಿಟ್ಟ ಹೊಸದರಲ್ಲಿ ಮರಿಗಳು ಅಪ್ಪ ಅಮ್ಮನ ಹಿಂದೆಯೇ ಇರುತ್ತವೆ. ಗುಟುಕಿಗೆ ಬಾಯಿ ತೆರೆದಾಗ ಯಾರು ಬಂದು ಕೊಟ್ಟರು? ಆ ಹಕ್ಕಿಯ ಹೊಟ್ಟೆ ನೋಡಿ. ಮರಿಗಳು ಸ್ವಲ್ಪ ದೊಡ್ಡವಾಗಿ ಹಿಂಡು ಸೇರಿದ ಮೇಲೆ ಈ ಉಪಾಯ ಪೂರ್ತಿ ನಂಬುವ ಹಾಗಿಲ್ಲ, ಯಾಕೆಂದರೆ ಹುಲ್ಲು ಚೆನ್ನಾಗಿರುವ ಕಡೆ ಬೇರೆ ಬೇರೆ ರಾಟವಾಳಗಳು ಒಟ್ಟಿಗೆ ಮೇಯುತ್ತವೆ. ಹಿಂಡಿನಲ್ಲಿ ಒಂದು ಹಕ್ಕಿ ಬಿಳಿ ಬೆನ್ನಿನದು ಅಂತ ಗೊತ್ತಾದ ಕೂಡಲೇ ಎಲ್ಲವನ್ನೂ ಅದೇ ಅಂತ ಎಣಿಸಿಬಿಡಬೇಡಿ. ಎಡದಿಂದ ಬಲಕ್ಕೆ ಒಂದೊಂದೇ ಹೊಟ್ಟೆ ನೋಡುತ್ತಾ ಬನ್ನಿ. ಇದಕ್ಕೆ ತಾಳ್ಮೆ ಬೇಕು. ಆದರೆ ಕರಿ ಗಂಟಲಿನವು ಸಿಗುವುದು ಹೀಗೆ ನೋಡಿದಾಗಲೇ.

ಜಾಗ ಎಷ್ಟು ಸಹಾಯ ಮಾಡುತ್ತದೆ?

ಬಿಳಿ ಬೆನ್ನಿನದು ಕರಾವಳಿಯ ಅಡಿಕೆ ತೋಟದಿಂದ ಮಲೆನಾಡಿನ ಗುಡ್ಡದವರೆಗೂ ಇದೆ. ಉಡುಪಿ, ಮಂಗಳೂರು ಕಡೆ ಮನೆ ಹಿತ್ತಲಿನಲ್ಲೇ ಸಿಗುತ್ತದೆ. ಕರಿ ಗಂಟಲಿನದು ಗುಡ್ಡದ ಮೇಲಿನ ಹಕ್ಕಿ. ಎತ್ತರದ ತೆರೆದ ಕಾಡು, ಹುಲ್ಲುಗಾವಲು, ತೋಟ ಇದಕ್ಕೆ ಬೇಕು. ಕರ್ನಾಟಕದಲ್ಲಿ ಹುಡುಕುವುದಾದರೆ ಕೊಡಗಿನಿಂದ ಶುರು ಮಾಡಿ. ಮಡಿಕೇರಿ ಇರುವುದೇ ಸುಮಾರು 1,150 ಮೀಟರ್ ಎತ್ತರದಲ್ಲಿ. ಪಕ್ಕದ ವಯನಾಡು, ಆಚೆ ನೀಲಗಿರಿ, ಇವು ಕೂಡ ಒಳ್ಳೆಯ ಜಾಗಗಳು. ಊಟಿ, ಕೂನೂರಿನ ಕಡೆ ಪ್ರವಾಸ ಹೋದವರು ಚಹಾ ತೋಟದ ಅಂಚಿನ ಹುಲ್ಲನ್ನು ಒಮ್ಮೆ ನೋಡಿ.

ಮಂಗಳೂರಿನ ಸಮುದ್ರ ಮಟ್ಟದ ಹಿತ್ತಲಿನಲ್ಲಿ ಕರಿ ಗಂಟಲಿನದು ಕಂಡಿತು ಅನ್ನಿಸಿದರೆ ಎರಡು ಸಲ ಯೋಚಿಸಿ. ಬಹುಶಃ ಅದು ಬಿಳಿ ಬೆನ್ನಿನದರ ಮರಿ. ಆದರೆ ಇದನ್ನೇ ತಿರುಗಿಸಿ "ಕೊಡಗಿನಲ್ಲಿ ಕಂಡಿತು, ಹಾಗಾಗಿ ಕರಿ ಗಂಟಲಿನದು" ಅನ್ನುವುದು ತಪ್ಪು. ಕೊಡಗಿನಲ್ಲಿ ಎರಡೂ ಇವೆ. ಎತ್ತರ ನೋಡಿ ಊಹೆ ಮಾಡಬಹುದು, ತೀರ್ಮಾನವನ್ನು ಹೊಟ್ಟೆಯೇ ಹೇಳಬೇಕು.

ಘಟ್ಟ ಬಿಟ್ಟು ಹೊರಗೆ ಹೋದವರಿಗೆ ಇನ್ನೊಂದು ಮಾತು. ಮೇಲೆ ಹೇಳಿದ್ದೆಲ್ಲ ನಮ್ಮ ಕಡೆಯ ಹಕ್ಕಿಗಳಿಗೆ ಮಾತ್ರ. ಶ್ರೀಲಂಕಾದ ಬೆಟ್ಟಗಳಲ್ಲಿರುವ ಕರಿ ಗಂಟಲಿನದಕ್ಕೆ ಈ ದಾಲ್ಚಿನ್ನಿ ಹೊಟ್ಟೆ ಇಲ್ಲ. ಅಲ್ಲಿ ಹೊಟ್ಟೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ. ಬೆನ್ನಿನ ತುದಿಯ ಗರಿಗಳಿಗೂ ಬಿಳಿ ಅಂಚು. ಅಲ್ಲಿ ಅದನ್ನು ಚುಕ್ಕೆ ರಾಟವಾಳದ ಜೊತೆ ಹೋಲಿಸಿ ನೋಡಬೇಕಾಗುತ್ತದೆ. ಹಾಗೆಯೇ ಹಿಮಾಲಯದ ತಪ್ಪಲು, ಈಶಾನ್ಯ ರಾಜ್ಯಗಳಲ್ಲಿರುವ ಬಿಳಿ ಬೆನ್ನಿನದರ ಹೊಟ್ಟೆ ನಮ್ಮಷ್ಟು ಸ್ವಚ್ಛವಲ್ಲ. ಮಾಸಲು, ತೆಳು ಗೆರೆಗಳಿರುತ್ತವೆ, ಎದೆಯ ಗರಿಗಳಿಗೆ ತಿಳಿ ಅಂಚು ಇರುತ್ತದೆ. ಅಲ್ಲಿ ಬೆನ್ನಿನ ಬಿಳಿ ಪಟ್ಟಿಯೇ ಮುಖ್ಯ ಗುರುತು.

ಪಂಜರದಿಂದ ತಪ್ಪಿಸಿಕೊಂಡದ್ದು

ಊರಿನ ನಡುವೆ ಬಿಳಿ, ಕಂದು ಪಟ್ಟೆ ಪಟ್ಟೆಯಾಗಿ ಅಡ್ಡಾದಿಡ್ಡಿ ಬಣ್ಣದ ರಾಟವಾಳ ಕಂಡರೆ ಅದು ಬೆಂಗಾಲೀಸ್ ಫಿಂಚ್ ಇರಬಹುದು. ಸಾಕು ಹಕ್ಕಿ. ಇದರ ಮೂಲ ಬಿಳಿ ಬೆನ್ನಿನ ರಾಟವಾಳವೇ. ಚೀನಾದಿಂದ ಜಪಾನಿಗೆ ಒಯ್ದ ಹಕ್ಕಿಗಳನ್ನು ಅಲ್ಲಿ ಸುಮಾರು 250 ವರ್ಷ ಸಾಕಿ ಬೆಳೆಸಿದ ತಳಿ. ಪಂಜರದಲ್ಲಿ ಬೆಳೆದ ಈ ತಳಿಯ ಗಂಡಿನ ಹಾಡು ಕಾಡಿನ ನೆಂಟನ ಹಾಡಿಗಿಂತ ಹೆಚ್ಚು ಸಂಕೀರ್ಣವಾಗಿದೆ ಅಂತ ಜಪಾನಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹಕ್ಕಿಗಳು ಹಾಡು ಕಲಿಯುವ ಬಗೆಯನ್ನು ಅರಿಯಲು ಇವತ್ತಿಗೂ ಇದನ್ನು ಅಧ್ಯಯನ ಮಾಡುತ್ತಾರೆ. ಇದನ್ನು ಕಾಡು ಹಕ್ಕಿಯ ಲೆಕ್ಕಕ್ಕೆ ಸೇರಿಸಬೇಡಿ.

ನಮ್ಮ ಕಾಡಿನ ರಾಟವಾಳಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಸಂತೆಯಲ್ಲಿ ಮಾರುವುದು ಕಂಡರೆ ಕನಿಕರಕ್ಕೂ ಕೊಳ್ಳಬೇಡಿ. ಒಂದನ್ನು ಕೊಂಡರೆ ಇನ್ನಷ್ಟು ಹಿಡಿದು ತರುತ್ತಾರೆ. ಅರಣ್ಯ ಇಲಾಖೆಗೆ ತಿಳಿಸಿ.

ಗೂಡು ಸಿಕ್ಕರೆ

ಎರಡೂ ಹುಲ್ಲಿನಿಂದ ದೊಡ್ಡ ಉಂಡೆಯಂಥ ಗೂಡು ಕಟ್ಟುತ್ತವೆ, ಬಾಗಿಲು ಪಕ್ಕದಲ್ಲಿ. ಎರಡೂ ಬಿಳಿ ಮೊಟ್ಟೆ ಇಡುತ್ತವೆ, 3ರಿಂದ 8. ಹಾಗಾಗಿ ಗೂಡು ನೋಡಿ ಯಾವ ಹಕ್ಕಿ ಅಂತ ಹೇಳಲು ಬರುವುದಿಲ್ಲ. ದೂರದಿಂದ, ಹಕ್ಕಿ ಹುಲ್ಲಿನ ಎಳೆ ಹಿಡಿದು ಬರುವಾಗ ಹೊಟ್ಟೆ ನೋಡಿದರೆ ಮುಗಿಯಿತು. ಒಳಗೆ ಬೆರಳು ಹಾಕಿ ಮೊಟ್ಟೆ ಎಣಿಸುವ ಅಗತ್ಯ ಯಾರಿಗೂ ಇಲ್ಲ. ತೋಟದವರಿಗೆ ಒಂದು ಕೋರಿಕೆ: ಬೇಲಿ ಸವರುವಾಗ ಹುಲ್ಲಿನ ಉಂಡೆ ಕಂಡರೆ ಆ ಒಂದು ಗಿಡವನ್ನು ಬಿಟ್ಟು ಮುಂದೆ ಹೋಗಿ. ಮರಿಗಳು ಹೋದ ಮೇಲೂ ರಾಟವಾಳಗಳು ರಾತ್ರಿ ಮಲಗಲು ಇಂಥ ಗೂಡುಗಳನ್ನು ಬಳಸುತ್ತವೆ. ಖಾಲಿ ಅನ್ನಿಸಿದರೂ ಕಿತ್ತು ಹಾಕಬೇಡಿ.

ಬರೆದಿಡುವಾಗ

ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಕರಿ ಗಂಟಲಿನದನ್ನು ದಾಖಲಿಸುವುದಾದರೆ ಬರೀ ಹೆಸರು, ಸಂಖ್ಯೆ ಬರೆದು ಬಿಡಬೇಡಿ. ಹೊಟ್ಟೆಯ ಬಣ್ಣ ಏನಿತ್ತು, ಬೆನ್ನಿನ ತುದಿ ಕಂಡಿತೇ, ಬೆಳಕು ಹೇಗಿತ್ತು, ಬೆಳೆದ ಹಕ್ಕಿಗಳೆಷ್ಟು, ಮರಿಗಳೆಷ್ಟು, ಇಷ್ಟನ್ನು ಎರಡು ಸಾಲಿನಲ್ಲಿ ಸೇರಿಸಿ. ಮಸುಕಾದ ಫೋಟೋ ಇದ್ದರೂ ಹಾಕಿ. ಹಿಂಡಿನಲ್ಲಿ ಇಪ್ಪತ್ತು ಹಕ್ಕಿ ಇದ್ದು ಆರರ ಹೊಟ್ಟೆ ಮಾತ್ರ ಸರಿಯಾಗಿ ಕಂಡಿದ್ದರೆ ಆ ಆರಕ್ಕೆ ಮಾತ್ರ ಹೆಸರು ಕೊಡಿ. ಉಳಿದ ಹದಿನಾಲ್ಕನ್ನು ಬರೀ "ಮುನಿಯ" ಅಂತ ಸೇರಿಸಲು ಅಲ್ಲಿ ಅವಕಾಶವಿದೆ.